ಡಬ್ಬಿಗೆ ಹಾಕಿದ ಕುಂಚಿಗೆ

ಉಷ್ಣತೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಇಪ್ಪತ್ತಾರು ವರ್ಷ ನಂಬಿಕೊಂಡಿದ್ದೆ. ಫರ್ಸಿನಗರದ ತಂಪು ಕೇಂದ್ರದಲ್ಲಿ ಪರದೆಯ ಮುಂದೆ ಕುಳಿತು ನಾಲ್ಕು ಸಾವಿರ ಮನೆಗಳ ಉಷ್ಣತೆ ಕಾಯುವುದು ನನ್ನ ಕೆಲಸ. ಹೆಸರು ಅಣವೀರಪ್ಪ, ಹಗಲು ಪಾಳಿಯ ಮುಖ್ಯಸ್ಥ. ಕೈಕೆಳಗಿನವರು ಬೆನ್ನ ಹಿಂದೆ ನನ್ನನ್ನು ‘ಅರ್ಧ ಡಿಗ್ರಿ’ ಎನ್ನುತ್ತಿದ್ದರು. ಯಾವುದಾದರೂ ಮನೆ ಅರ್ಧ ಡಿಗ್ರಿ ಆಚೀಚೆಯಾದರೂ ನಾನು ಸುಮ್ಮನಿರುತ್ತಿರಲಿಲ್ಲ. ಅನ್ನಲಿ ಬಿಡಿ. ಈಗ ಹೇಳಹೊರಟಿರುವುದು ಏಳನೇ ಓಣಿಯ ಹದಿನೇಳನೇ ಮನೆಯ ಸಂಗತಿ. ವರದಿಯಲ್ಲಿ ಅದನ್ನು ಒಂದೂವರೆ ಪುಟ ಬರೆದಿದ್ದೆ, ಅದರಲ್ಲಿ ನನ್ನ ತಪ್ಪು ಅರ್ಧ ಸಾಲಿಗೆ ಮುಗಿದಿತ್ತು. ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲು ನಮ್ಮ ವ್ಯವಸ್ಥೆ ತಿಳಿಯಬೇಕು. ಬೇಸಿಗೆ ಐವತ್ತು ಡಿಗ್ರಿ ಮುಟ್ಟತೊಡಗಿದ ಮೇಲೆ ಮನೆಮನೆಯ ಏಸಿಗಳನ್ನು ಸರ್ಕಾರ ನಿಲ್ಲಿಸಿತು. ಏಸಿ ಮಾಡುವುದಿಷ್ಟೇ, ಮನೆಯೊಳಗಿನ ಬಿಸಿಯನ್ನು ತೆಗೆದು ಓಣಿಗೆ ಉಗುಳುತ್ತದೆ. ಓಣಿ ಕಾದಿತೆಂದು ಪಕ್ಕದ ಮನೆಯವನು ಇನ್ನೊಂದು ಹಾಕಿಸುತ್ತಾನೆ. ಕೊನೆಗೆ ಓಣಿಯಲ್ಲಿ ನಾಯಿಯೂ ನಿಲ್ಲದ ಹಾಗಾಯಿತು. ಆಗ ಕಾಗಿಣಾ ನದಿ ದಂಡೆಯ ನಮ್ಮ ಊರಿನವರ ಕಣ್ಣಿಗೆ ಬಿದ್ದದ್ದು ಹಳೆಯ ಕಲ್ಲಿನ ಖಣಿಗಳು. ನೂರು ವರ್ಷ ಫರ್ಸಿ ಕಲ್ಲು ತೆಗೆದು ತೆಗೆದು ಬಿಟ್ಟ ಎಪ್ಪತ್ತು ಅಡಿ ಆಳದ ಹೊಂಡಗಳವು. ಅವುಗಳಿಗೆ ನೀರು ತುಂಬಿ, ಮೇಲೆ ಬಿಸಿಲು ತಾಗದ ಹಾಗೆ ದಪ್ಪ ಮುಚ್ಚಳ ಹಾಕಿ, ರಾತ್ರಿಯ ಗಾಳಿ ವಿದ್ಯುತ್ತಿನಲ್ಲಿ ಆ ನೀರನ್ನು ಆರು ಡಿಗ್ರಿಗೆ ಇಳಿಸಿಡುತ್ತೇವೆ. ಹಗಲು ಅದೇ ನೀರು ಪೈಪಿನಲ್ಲಿ ಹರಿದು ಮನೆಗಳ ಫರ್ಸಿ ನೆಲದ ಕೆಳಗೆ ಸುತ್ತಾಡಿ, ಬಿಸಿಯನ್ನು ಹೊತ್ತುಕೊಂಡು ವಾಪಸು ಬರುತ್ತದೆ.

ಪ್ರತಿ ಮನೆಯ ಗೋಡೆಯ ಮೇಲೆ, ಎದೆಯ ಮಟ್ಟಕ್ಕೆ, ಒಂದು ಡಬ್ಬಿ. ಅದಕ್ಕೆ ಶಾಸ್ತ್ರದ ಹೆಸರು ಬೇರೆ ಇದೆ, ಜನ ಡಬ್ಬಿ ಎಂದೇ ಕರೆಯುತ್ತಾರೆ. ಅದು ತನ್ನ ಸುತ್ತಲಿನ ಗಾಳಿಯ ಬಿಸಿಯನ್ನೂ ಹಸಿಯನ್ನೂ, ಅಂದರೆ ತೇವವನ್ನೂ, ಅಳೆಯುತ್ತದೆ. ಇಟ್ಟ ಅಂಕಿಗಿಂತ ಬಿಸಿ ಹೆಚ್ಚಾದರೆ ನೆಲದ ಪೈಪು ತೆರೆಯುತ್ತದೆ, ಕಡಿಮೆಯಾದರೆ ಮುಚ್ಚುತ್ತದೆ. ಬೇರೆ ಬುದ್ಧಿ ಅದಕ್ಕಿಲ್ಲ. ಅದರೊಳಗೊಂದು ಟೈಮರ್ ಇದೆ. ಮನೆಯಲ್ಲಿ ಜನರಿರುವ ಹೊತ್ತಿಗೆ ಇಪ್ಪತ್ತೆಂಟು ಡಿಗ್ರಿ, ಯಾರೂ ಇಲ್ಲದ ಹೊತ್ತಿಗೆ ಮೂವತ್ತನಾಲ್ಕು. ಯಾರು ಎಷ್ಟು ಹೊತ್ತಿಗೆ ಇರುತ್ತಾರೆಂಬುದನ್ನು ಮನೆಯವರು ಬರೆಸಿದ ಪಟ್ಟಿ ನೋಡಿ ನಾವೇ ತುಂಬುತ್ತೇವೆ. ಡಬ್ಬಿಗೊಂದು ಗುಂಡಿಯೂ ಇತ್ತು, ತಿರುಗಿಸಿ ಹೆಚ್ಚುಕಡಿಮೆ ಮಾಡಿಕೊಳ್ಳಲು. ಮೊದಲ ವರ್ಷವೇ ಎಲ್ಲರೂ ಅದನ್ನು ಹದಿನೆಂಟಕ್ಕೆ ತಿರುಗಿಸಿ ರಗ್ಗು ಹೊದ್ದು ಮಲಗಿದರು. ಖಣಿಯ ನೀರು ಮಧ್ಯಾಹ್ನಕ್ಕೇ ಬೆಚ್ಚಗಾಯಿತು. ಅಂದಿನಿಂದ ಗುಂಡಿಗಳಿಗೆ ಸೀಸದ ಮುದ್ರೆ ಬಿತ್ತು. ಒಂದು ಓಣಿಗೆ ನಲವತ್ತೆರಡು ಮನೆ, ಒಂದೇ ಪೈಪು. ನಡುವಿನ ಮನೆಯೊಂದು ಹೆಚ್ಚು ನೀರು ಕುಡಿದರೆ ಓಣಿಯ ಕೊನೆಯವರಿಗೆ ಬರೀ ಬೆಚ್ಚನೆ ನೀರು.

ಮನೆಯೊಳಗೆ ಬೆಂಕಿ ಹಚ್ಚುವುದಕ್ಕೆ ನಿಷೇಧ. ಅಡುಗೆಯೆಲ್ಲ ಓಣಿಯ ತುದಿಯ ಅಡುಗೆ ಕಟ್ಟೆಯಲ್ಲಿ. ಸ್ನಾನದ ನೀರು ಮಾಳಿಗೆಯ ಮೇಲೆ ತಾನೇ ಕುದಿಯುತ್ತದೆ, ಅದಕ್ಕೇನೂ ಕೊರತೆಯಿಲ್ಲ.

ಮೇ ತಿಂಗಳ ಎರಡನೇ ವಾರ. ಏಳನೇ ಓಣಿಯ ಕೊನೆಯ ಐದು ಮನೆಗಳಿಂದ ದೂರು ಬರತೊಡಗಿತು. “ಸಾಹೇಬ್ರ, ನೆಲದ ಮ್ಯಾಲ ಹಪ್ಪಳ ಸುಡಬಹುದ್ರಿ” ಎಂದು ಒಬ್ಬಾತ ಫೋನಿನಲ್ಲಿ ಕೂಗಾಡಿದ. ನಾನು ಓಣಿಯ ಒಂದೊಂದು ಮನೆಯ ಉಷ್ಣತೆಯ ಗೆರೆಯನ್ನು ಪರದೆಗೆ ತಂದೆ. ಕೊನೆಯ ಐದು ಗೆರೆ ಕೊಂಚ ಮೇಲೆದ್ದಿದ್ದವು, ಮೂವತ್ತಾರು ಸಾಧುವಾಗಿ ಮಲಗಿದ್ದವು. ಹದಿನೇಳನೆಯದು ಮಾತ್ರ ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ಐದಕ್ಕೆ, ನಲವತ್ತನಾಲ್ಕು ಡಿಗ್ರಿಯವರೆಗೆ ಏರುತ್ತಿತ್ತು. ಏರಿದಾಗೆಲ್ಲ ಡಬ್ಬಿ ಪೈಪನ್ನು ಪೂರ್ತಿ ತೆರೆದು ಓಣಿಯ ಅರ್ಧ ನೀರನ್ನು ತಾನೊಂದೇ ಎಳೆದುಕೊಳ್ಳುತ್ತಿತ್ತು. ಒಂಬತ್ತು ದಿನದಿಂದ ಇದೇ ಕಥೆ.

ಪಟ್ಟಿ ತೆಗೆದೆ. ಮನೆಯಲ್ಲಿ ಒಬ್ಬರೇ. ಜಗದೇವಿ, ಐವತ್ತಮೂರು ವರ್ಷ, ರೊಟ್ಟಿ ಕೇಂದ್ರದ ಒಡತಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮನೆ ಖಾಲಿ. ಹೆಸರು ನೋಡಿದ್ದೇ ನನಗೆ ಎಲ್ಲಾ ಹೊಳೆಯಿತು. ಎರಡು ವರ್ಷದ ಹಿಂದೆ ಇದೇ ಹೆಂಗಸು ಮನೆಯೊಳಗೆ ಹಂಚು ಇಟ್ಟು ರೊಟ್ಟಿ ಬಡಿದು ಸಿಕ್ಕಿಬಿದ್ದಿದ್ದಳು. ಹೊರಗಿನ ಕಟ್ಟೆಯ ಝಳ ತಾಳಲಾಗುವುದಿಲ್ಲ ಎಂದು ನೆಪ ಹೇಳಿದ್ದಳು. ಎಚ್ಚರಿಕೆಯ ಪತ್ರಕ್ಕೆ ಸಹಿ ಹಾಕಿದವನು ನಾನೇ. ರೊಟ್ಟಿ ಕೇಂದ್ರಕ್ಕೆ ಫೋನ್ ಹಚ್ಚಿದೆ. ಜಗದೇವಿ ಹನ್ನೆರಡು ದಿನದಿಂದ ಬಂದಿಲ್ಲ, ಕಾರಣ ಗೊತ್ತಿಲ್ಲ ಎಂದರು. ಸರಿ, ಇನ್ನೇನು ಬೇಕು! ಊರಿಗೆಲ್ಲ ಸೇರಿದ ತಂಪಿನಲ್ಲಿ ಕುಳಿತು ಆರಾಮಾಗಿ ರೊಟ್ಟಿ ಬಡಿಯುತ್ತಿದ್ದಾಳೆ ಎಂದು ನನಗೆ ಮೈಯೆಲ್ಲ ಉರಿಯಿತು.

ಇಂಥವರಿಗೆಂದೇ ಒಂದು ಬೀಗವಿತ್ತು, ಮನೆಯ ಪೈಪನ್ನೇ ಮುಚ್ಚಿಬಿಡುವಂಥದು. ಅದನ್ನು ರೂಪಿಸಿದವನೂ ನಾನೇ, ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಮೊದಲೆಲ್ಲ ಯಾರದಾದರೂ ತಂಪು ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಅವರ ಸೋದರಮಾವನೋ, ಮುಖಂಡರ ಕಡೆಯವನೋ ಫೋನ್ ಮಾಡಿ ಬಿಡಿಸುತ್ತಿದ್ದ. ಶಿಫಾರಸಿನ ಆ ಕಾಟ ತಪ್ಪಲೆಂದು ನಾಲ್ಕು ತಾಸಿನ ಟೈಮರ್ ಕೂಡಿಸಿದೆ. ಒಮ್ಮೆ ಬೀಗ ಬಿದ್ದರೆ ನಾಲ್ಕು ತಾಸು ಯಾರಿಂದಲೂ, ನನ್ನಿಂದಲೂ, ತೆಗೆಯಲಾಗದು. ಕೈಯಿಂದ ತೆಗೆಯಬೇಕೆಂದರೆ ಇಡೀ ಓಣಿಯ ನೀರು ಬಸಿಯಬೇಕು, ಅದಕ್ಕೂ ಮೂರು ತಾಸು ಹಿಡಿಯುತ್ತದೆ.

ಹನ್ನೊಂದು ಇಪ್ಪತ್ತಕ್ಕೆ ಹದಿನೇಳನೇ ಮನೆಗೆ ಬೀಗ ಹಾಕಿದೆ. ಹೊರಗೆ ನಲವತ್ತೊಂಬತ್ತು ಡಿಗ್ರಿಯಿತ್ತು. ಬೀಗ ಹಾಕಿ ಮಜ್ಜಿಗೆ ತರಿಸಿಕೊಂಡು ಕುಡಿದೆ.

ಆ ಮನೆಯೊಳಗೆ ನಡೆಯುತ್ತಿದ್ದುದನ್ನು ಆಮೇಲೆ ಜಗದೇವಿಯೇ ಹೇಳಿದ್ದು. ಆಕೆಯ ಮಗಳು ಭಾಗ್ಯಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿ ಹನ್ನೆರಡು ದಿನವಾಗಿತ್ತು. ಮಗಳು ಬಂದದ್ದನ್ನು ನಮ್ಮ ಪಟ್ಟಿಗೆ ಬರೆಸಿರಲಿಲ್ಲ. ಬಸುರಿ ಬಂದಿದ್ದಾಳೆಂದು ಕಚೇರಿಯವರೆಗೆ ಹೋಗಿ ಡಂಗುರ ಸಾರುವುದುಂಟೇ? ಕೂಸು ಹುಟ್ಟಿದ ಮೇಲಂತೂ ದೃಷ್ಟಿಯಾದೀತೆಂದು ಓಣಿಯವರಿಗೂ ಹೇಳಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಎಲ್ಲರನ್ನೂ ಕರೆದರಾಯಿತೆಂದುಕೊಂಡಿದ್ದಳು.

ಬಾಣಂತಿಗೆ ಥಂಡಿ ತಾಗಬಾರದು. ಜಗದೇವಿಗೆ ಆಕೆಯ ತಾಯಿ ಕಲಿಸಿದ್ದು ಅದನ್ನು. ದಿನಕ್ಕೆರಡು ಸಲ ಮೈ ಬೇಯುವಷ್ಟು ಬಿಸಿ ನೀರು ಹಾಕಿ, ತಲೆಗೆ ಧೂಪ ಕೊಟ್ಟು, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ತಾಯಿ ಮಗುವನ್ನು ಹೊದಿಸಿ ಮಲಗಿಸಬೇಕು. ಅಡುಗೆ ಕಟ್ಟೆಯಿಂದ ಕೆಂಡವನ್ನು ರೊಟ್ಟಿ ಬುಟ್ಟಿಯ ತಳದಲ್ಲಿ ಬಚ್ಚಿಟ್ಟು ತರುತ್ತಿದ್ದಳು. ನಲವತ್ತೊಂಬತ್ತು ಡಿಗ್ರಿಯ ಊರಿನಲ್ಲಿ ಕೆಂಡ ಯಾಕೆ ಎಂದು ನೀವು ಕೇಳಬಹುದು. ಮಗಳೂ ಕೇಳಿದ್ದಳು.

“ಯವ್ವಾ, ಸಾಕು ಬಿಡ. ಬದನಿಕಾಯಿ ಸುಟ್ಟಂಗ ಸುಡ್ಲಾಕತ್ತಿ ನನ್ನ.”

“ಸುಮ್ಕ ಮಲಕೋ. ಹೊರಗಿನ ಬಿಸಿ ಬ್ಯಾರೆ, ಕೆಂಡದ ಶಾಖ ಬ್ಯಾರೆ. ಈ ನೆಲ ನೋಡಿಲ್ಲೇನು? ಹೆಣದಂಗ ಥಣ್ಣಗದ. ನೆಲದ ಥಂಡಿ ಎಲುಬಿಗಿ ಇಳೀತಂದ್ರ ಮುಪ್ಪಿನಾಗ ನಿನ್ನ ಸೊಂಟ ಹಿಡೀತದ, ಆಗ ನನ್ನ ನೆನಸ್ತಿ.”

ಆಕೆ ಕಂಡಿದ್ದು ಸುಳ್ಳಲ್ಲ. ಖಾಲಿ ಮನೆಯೆಂದು ಡಬ್ಬಿ ಮೂವತ್ತನಾಲ್ಕಕ್ಕೆ ಕುಳಿತಿರುತ್ತಿತ್ತು, ನೆಲ ಬೆಚ್ಚಗೇ ಇರುತ್ತಿತ್ತು. ಅಗ್ಗಿಷ್ಟಿಕೆ ಇಟ್ಟು ಕೋಣೆ ಕಾದ ಕೂಡಲೇ ಡಬ್ಬಿ ಪೈಪು ತೆರೆಯುತ್ತಿತ್ತು, ನೆಲ ತಣ್ಣಗಾಗುತ್ತಿತ್ತು. ತಾನು ಕೆಂಡ ಹಾಕಿದ್ದಕ್ಕೇ ನೆಲ ತಣ್ಣಗಾಯಿತೆಂದು ಜಗದೇವಿಗೆ ತಿಳಿಯಲಿಲ್ಲ. ಬಾಣಂತಿ ಮಲಗಿದ ಹೊತ್ತು ನೋಡಿಕೊಂಡೇ ಡಬ್ಬಿ ಥಂಡಿ ಬಿಡುತ್ತದೆ, ಅದಕ್ಕೆ ತನ್ನ ಮೇಲೆ ಹಗೆ ಎಂದುಕೊಂಡಳು. ಇನ್ನೆರಡು ಕೆಂಡ ಹಾಕಿದಳು. ನೆಲ ಇನ್ನೂ ತಣ್ಣಗಾಯಿತು.

ಮೂರನೇ ದಿನ ಆಕೆಗೊಂದು ಉಪಾಯ ಹೊಳೆಯಿತು. ಡಬ್ಬಿಯೇ ಥಂಡಿ ಹಿಡಿದು ಕುಳಿತಿದೆ, ಅದಕ್ಕೇ ಮನೆಗೆಲ್ಲ ಥಂಡಿ ಉಗುಳುತ್ತಿದೆ. ಅದನ್ನು ಬೆಚ್ಚಗೆ ಮಾಡಿದರೆ ಸುಮ್ಮನಾದೀತು! ಮಗುವಿನ ತಲೆಗೆಂದು ಹೊಲಿದಿಟ್ಟ ಹತ್ತಿಯ ಕುಂಚಿಗೆಗಳಲ್ಲಿ ಒಂದನ್ನು ಡಬ್ಬಿಗೆ ತೊಡಿಸಿ, ಗದ್ದದ ದಾರ ಎಳೆದು ಗಂಟು ಹಾಕಿ, ಅದರ ಕೆಳಗೆ ಸ್ಟೂಲಿನ ಮೇಲೆ ಒಂದು ಬೋಗುಣಿ ಕೆಂಡ ಇಟ್ಟಳು. ನನ್ನ ಪರದೆಯ ಮೇಲೆ ನಲವತ್ತನಾಲ್ಕಾಗಿದ್ದು ಹೀಗೆ. ಕೋಣೆ ಅಷ್ಟು ಕಾದಿರಲಿಲ್ಲ, ಡಬ್ಬಿಯ ತಲೆ ಕಾದಿತ್ತು. ಅದು ಪಾಪ ಇಡೀ ಮನೆ ಹತ್ತಿ ಉರಿಯುತ್ತಿದೆ ಎಂದು ಓಣಿಯ ನೀರನ್ನೆಲ್ಲ ಎಳೆದು ಎಳೆದು ನೆಲಕ್ಕೆ ಸುರಿಯುತ್ತಿತ್ತು.

ಆಕೆ ಬಿಸಿ ಮಾಡುವುದು, ಡಬ್ಬಿ ತಂಪು ಮಾಡುವುದು. ಒಂಬತ್ತು ದಿನ ಇಬ್ಬರೂ ಹಟ ಬಿಡಲಿಲ್ಲ. ಇಬ್ಬರ ಹಟದ ನಡುವೆ ಕೂಸು ಮಾತ್ರ ಹೇಗೋ ಹದವಾದ ಬಿಸಿಯಲ್ಲೇ ಉಳಿದಿತ್ತು. ಹತ್ತನೆಯ ದಿನ ನಾನು ಡಬ್ಬಿಯ ಕೈ ಕಟ್ಟಿದೆ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ, ಆ ವಾರ ಮಧ್ಯಾಹ್ನದ ಪಾಳಿಯಲ್ಲಿದ್ದ ನಸೀಮಾ ಬೇಗಂ ಬಂದಳು. ನಮ್ಮಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುವ ಹೆಂಗಸು. ಕಡಿಮೆ ಮಾತು, ಆದರೆ ಆಡಿದ ಮಾತು ನೇರ. ನಾನು ಬಲು ಹುಮ್ಮಸ್ಸಿನಿಂದ ಹದಿನೇಳನೆಯ ಗೆರೆ ತೋರಿಸಿ, ರೊಟ್ಟಿ ಕಳ್ಳಿಯನ್ನು ಹಿಡಿದದ್ದನ್ನು ವರ್ಣಿಸಿದೆ. ಆಕೆ ಬುತ್ತಿಯ ಚೀಲವನ್ನೂ ಕೆಳಗಿಡದೆ ಪರದೆ ನೋಡುತ್ತ ನಿಂತಳು.

“ಸರ, ಇದು ರೊಟ್ಟಿ ಅಲ್ರಿ.”

“ಮತ್ತೇನು?”

“ಹಸಿಯ ಗೆರಿ ನೋಡ್ರಿ. ಮೊದ್ಲು ಹಸಿ ಏರ್ಯದ, ಮುಕ್ಕಾಲು ತಾಸು. ಆಮ್ಯಾಲ ಬಿಸಿ. ರೊಟ್ಟಿ ಬಡಿಯೋರ ಮನ್ಯಾಗ ಇಷ್ಟು ಹಬಿ ಎಲ್ಲಿಂದ ಬರ್ತದ? ಇದು ಮೈಮ್ಯಾಲ ಹಾಕೋ ನೀರು. ಹತ್ತಕ್ಕೊಂದು ಸಲ, ಐದಕ್ಕೊಂದು ಸಲ. ನೀರು ಹಾಕಿ ಆಮ್ಯಾಲ ಕೆಂಡ ಇಡ್ತಾರ.” ಆಕೆಯ ದನಿ ಇಳಿಯಿತು. “ನನ್ನ ಬಾಣಂತನದ ಚಿಲ್ಲಾದಾಗ ನಮ್ಮಮ್ಮ ನಲವತ್ತು ದಿನ ಹಿಂಗೇ ಮಾಡ್ಯಾಳ. ಸರ, ಆ ಮನ್ಯಾಗ ಬಾಣಂತಿ ಅದಾಳ. ಕೂಸದ.”

ನಾನು ಪಟ್ಟಿ ತೋರಿಸಿದೆ. ಒಬ್ಬರೇ ಎಂದಿದೆ ಎಂದೆ. ಆಕೆ ಪಟ್ಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. “ಬಾಣಂತಿ ಪಟ್ಟಿಗಿ ಬರೆಸಿ ಹಡೀತಾಳೇನ್ರಿ?” ಎನ್ನುತ್ತ ಫೋನ್ ಎತ್ತಿಕೊಂಡಳು.

ನಾಲ್ಕು ಸಲ ಹಚ್ಚಿದ ಮೇಲೆ ಜಗದೇವಿ ಎತ್ತಿದಳು. ನಸೀಮಾ ತಂಪು ಕೇಂದ್ರ ಎಂದಳೋ ಇಲ್ಲವೋ, ಆ ಕಡೆಯಿಂದ ಮಾತು ಸುರಿಯಿತು.

“ನಮ್ಮ ಮನ್ಯಾಗ ಏನೂ ಇಲ್ರಿ. ಒಲಿ ಇಲ್ಲ, ಕೆಂಡ ಇಲ್ಲ, ಏನೂ ಹಚ್ಚಿಲ್ರಿ. ನಾ ಒಬ್ಬಾಕಿ ಅದೀನಿ.”

“ಅವ್ವಾ, ಕೆಂಡದ ಸುದ್ದಿ ನಾ ಎಲ್ಲಿ ತೆಗದೀನಿ? ಕೂಸು ಹ್ಯಾಂಗದ ಹೇಳ್ರಿ.”

ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ನಾನು ಬೀಗದ ಪುಟ ತೆರೆದು ನನ್ನ ಸಂಕೇತ ಹೊಡೆದೆ. ಒಪ್ಪಲಿಲ್ಲ. ಇನ್ನೂ ಮೂರು ತಾಸು ಹದಿನೆಂಟು ನಿಮಿಷ ಎಂದು ತೋರಿಸಿತು. ಎರಡನೇ ಸಲ ಹೊಡೆದೆ, ಮೂರನೇ ಸಲ ಹೊಡೆದೆ. ಯಾವ ಶಿಫಾರಸಿಗೂ ಬಗ್ಗದ ಹಾಗೆ ಮಾಡಿದವನು ನಾನೇ ಅಲ್ಲವೇ, ಅದು ನನಗೂ ಬಗ್ಗಲಿಲ್ಲ. ನನಗೆ ಹೆದರಿಕೆಯಾಯಿತು. ನಸೀಮಾ ಆಸ್ಪತ್ರೆಯ ಗಾಡಿಗೆ ಫೋನ್ ಮಾಡಿದಳು. ಅದು ನದಿಯಾಚೆ ಇತ್ತು, ನಲವತ್ತು ನಿಮಿಷವೆಂದರು.

“ಏಳ್ರಿ ಸರ” ಎಂದಳು. ಕೇಂದ್ರದ ಜೀಪಿನಲ್ಲಿ ಹೊರಟೆವು. ಸ್ಟೇರಿಂಗ್ ಮುಟ್ಟಿದರೆ ಅಂಗೈ ಚುರುಕ್ ಎನ್ನುತ್ತಿತ್ತು, ಆಕೆ ಸೆರಗು ಸುತ್ತಿಕೊಂಡು ಓಡಿಸಿದಳು.

ಏಳನೇ ಓಣಿಯಲ್ಲಿ ನರಪಿಳ್ಳೆಯಿಲ್ಲ. ಹದಿನೇಳನೇ ಮನೆಯ ಬಾಗಿಲಿಗೆ ನಾನು ಧಡಧಡ ಬಡಿದೆ. ತಂಪು ಕೇಂದ್ರದವರು, ಬಾಗಿಲು ತೆಗೆಯಿರಿ ಎಂದು ಕೂಗಿದೆ. ಒಳಗೆ ಚಿಲಕದ ಮೇಲೆ ಇನ್ನೊಂದು ಚಿಲಕ ಬಿದ್ದ ಸದ್ದಾಯಿತು. ನಸೀಮಾ ನನ್ನನ್ನು ತೋಳು ಹಿಡಿದು ಹಿಂದಕ್ಕೆಳೆದಳು. ಜೀಪಿನಲ್ಲಿದ್ದ ನೀರಿನ ಬಾಟಲಿ ತಂದು, ಬಾಗಿಲ ಸಂದಿಗೆ ಕೇಳುವ ಹಾಗೆ ದಬದಬ ಎರಡೂ ಕಾಲಿಗೆ ಸುರಿದುಕೊಂಡಳು. ಬಾಣಂತಿ ಇರುವ ಮನೆಗೆ ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಹೋಗುವುದಿಲ್ಲ.

“ಅವ್ವಾ, ನಾ ನಸೀಮಾ. ಮೂರು ಹಡದಾಕಿ. ಕಾಲು ತೊಳದೀನಿ, ಗಂಡಸ್ರು ಹೊರಗೇ ನಿಂದ್ರತಾರ. ಕೂಸಿನ್ನ ಒಂದು ಸಲ ತೋರಸ್ರಿ, ಸಾಕು.”

ಬಾಗಿಲು ಒಂದು ಗೇಣು ತೆರೆಯಿತು. ಜಗದೇವಿಯ ಮುಖದಿಂದ ಬೆವರು ಹನಿಹನಿ ಇಳಿಯುತ್ತಿತ್ತು. ಆದರೂ ಆಕೆ ಗೆದ್ದವಳ ಹಾಗೆ ಕಾಣುತ್ತಿದ್ದಳು.

“ಮೆಲ್ಲಕ ಮಾತಾಡ್ರಿ. ಇವತ್ತ ಡಬ್ಬಿ ಸುಮ್ನಾಗ್ಯದ. ಹನ್ನೆರಡು ದಿನದಾಗ ಇವತ್ತೇ ನೋಡ್ರಿ, ಮನಿ ಬೆಚ್ಚಗಾಗಿ ಕೂಸು ಛಂದ ಮಲಗ್ಯದ. ಎಬ್ಬಸಬ್ಯಾಡ್ರಿ.”

ನಸೀಮಾ ಆಕೆಯನ್ನು ದೂಡಿಕೊಂಡೇ ಒಳಗೆ ಹೋದಳು. ನಾನು ಹೊಸ್ತಿಲಲ್ಲಿ ನಿಂತೆ. ಒಳಗಿನ ಬಿಸಿ ಹಂಚಿನ ಮುಂದೆ ಬಗ್ಗಿದಂತೆ ಮುಖಕ್ಕೆ ಬಡಿಯಿತು. ಭಾಗ್ಯಶ್ರೀ ಮಂಚದ ಮೇಲೆ ಕಣ್ಣು ಅರೆತೆರೆದು ಏನೋ ತೊದಲುತ್ತಿದ್ದಳು. ಗೋಡೆಯ ಮೇಲೆ ಕೆಂಪು ಅಂಚಿನ ಕುಂಚಿಗೆ ತೊಟ್ಟು ನಮ್ಮ ಡಬ್ಬಿ ಕುಳಿತಿತ್ತು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆನೇನೋ.

ಕೂಸು ಮಲಗಿರಲಿಲ್ಲ. ನಸೀಮಾ ಮೂರು ಸುತ್ತಿನ ಬಟ್ಟೆ ಬಿಚ್ಚಿ ಎತ್ತಿದಾಗ ಅದರ ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಮೈ ಕೆಂಪಗಾಗಿತ್ತು, ಬೆವರಿರಲಿಲ್ಲ. ಉಸಿರು ಸಣ್ಣಗೆ ಓಡುತ್ತಿತ್ತು.

“ಸರ, ಅಗ್ಗಿಷ್ಟಿಗಿ ಹೊರಗ ಒಯ್ರಿ! ಬಾಗಲಾ ತೆಗೀರಿ!” ಎಂದು ಕೂಗಿ, ಆಕೆ ಕೂಸನ್ನು ಎದೆಗವಚಿಕೊಂಡು ಒಂದು ಕ್ಷಣ ಸುತ್ತ ನೋಡಿದಳು. ನೀರಿನ ಕೊಡದೊಳಗೆ ಬೆರಳಿಟ್ಟಳು, ನೀರೂ ಬೆಚ್ಚಗಿತ್ತು. ಆಗ ಮೊಣಕಾಲೂರಿ ಅಂಗೈಯನ್ನು ಫರ್ಸಿಗೆ ಒತ್ತಿದಳು.

ನನಗೆ ಆಗ ನೆನಪಾಯಿತು. ಮೂರು ಇಂಚು ದಪ್ಪದ ಕಲ್ಲು. ಗಾಳಿ ಕಾಯಲು ಅರ್ಧ ತಾಸು ಸಾಕು, ಆ ಕಲ್ಲಿಗೆ ಅರ್ಧ ದಿನ ಬೇಕು. ಒಂಬತ್ತು ದಿನ ಡಬ್ಬಿ ಕುಡಿಸಿದ ತಂಪೆಲ್ಲ ನೆಲದೊಳಗೆ ಇನ್ನೂ ಇತ್ತು.

“ನೆಲ ಥಣ್ಣಗದ ನಸೀಮಾ, ಇನ್ನೂ ಎರಡು ತಾಸು ಹಂಗೇ ಇರ್ತದ” ಎಂದೆ.

ಆಕೆ ಸೆರಗಿನ ಒಂದು ಪದರ ಹಾಸಿ, ಕೂಸನ್ನು ಬತ್ತಲೆ ಅದರ ಮೇಲೆ ಮಲಗಿಸಲು ಬಗ್ಗಿದಳು. ಆಗ ಜಗದೇವಿ ಕಿರಿಚಿದ ದನಿ ನಾನು ಸಾಯುವವರೆಗೆ ಮರೆಯುವುದಿಲ್ಲ.

“ನೆಲಕ್ಕ ಹಾಕಬ್ಯಾಡ! ನನ್ನ ಕೂಸಿನ್ನ ನೆಲಕ್ಕ ಹಾಕಬ್ಯಾಡ!”

ನಮ್ಮ ಕಡೆ ಹಾಸಿಗೆಯಿಂದ ಇಳಿಸಿ ನೆಲದ ಮೇಲೆ ಮಲಗಿಸುವುದು ಜೀವ ಹೋಗುವವರನ್ನು. ಆಕೆ ನಸೀಮಾಳ ಜಡೆಗೆ ಕೈ ಹಾಕಿ ಎಳೆದಳು. ನಾನು ಅಗ್ಗಿಷ್ಟಿಕೆಯನ್ನೂ ಕೆಂಡದ ಬೋಗುಣಿಯನ್ನೂ ಹೊರಗೆಸೆದು ಬಂದು ಜಗದೇವಿಯ ಎರಡೂ ಕೈ ಹಿಡಿದೆ. ಗಂಡಸರು ಹೊರಗಿರುತ್ತಾರೆಂಬ ಮಾತು ಎಲ್ಲಿ ಉಳಿಯಿತು! “ತಾಯೀ, ಥಂಡಿ ಬಂದ್ ಮಾಡಿದವ ನಾನು. ಡಬ್ಬಿ ಸುಮ್ನಾಗಿದ್ದಲ್ಲ, ನಾ ಸಾಯಿಸೀನಿ ಅದನ್ನ. ನಿಮ್ಮ ಕೂಸಿಗಿ ಬೆಂಕಿ ಹತ್ಯದ” ಎಂದೆ. ಆಕೆಗೆ ಎಷ್ಟು ಅರ್ಥವಾಯಿತೋ, ಮೈ ಸಡಿಲಿಸಿ ಅಲ್ಲೇ ಕುಸಿದಳು.

ನಸೀಮಾ ಕೂಸಿನ ಬೆನ್ನನ್ನು ಕಲ್ಲಿಗೆ ತಾಗಿಸಿ, ಬಟ್ಟೆಯ ಚುಂಗು ಒದ್ದೆ ಮಾಡಿ ಕತ್ತು ಕಂಕುಳು ಒರೆಸುತ್ತ, ಬಾಯಿಯಿಂದ ಗಾಳಿ ಊದುತ್ತ ಕುಳಿತಳು. ನಾನು ಭಾಗ್ಯಶ್ರೀಯನ್ನು ಮಂಚದಿಂದ ಇಳಿಸಿ ಪಕ್ಕದಲ್ಲೇ ಮಲಗಿಸಿ ನೀರು ಕುಡಿಸಿದೆ. ಆಕೆ ಮೆಲ್ಲಗೆ ಕೈ ಚಾಚಿ ಕೂಸಿನ ಕಾಲು ಹಿಡಿದುಕೊಂಡಳು. ಗಡಿಯಾರ ನೋಡುವುದು ನನ್ನ ಚಾಳಿ, ನೋಡಿದೆ. ಹನ್ನೆರಡೂವರೆ. ಹನ್ನೆರಡು ಮೂವತ್ತನಾಲ್ಕು. ಹನ್ನೆರಡು ಮೂವತ್ತೊಂಬತ್ತು.

ನಲವತ್ತೊಂದಕ್ಕೆ ಕೂಸು ಮುಖ ಕಿವುಚಿತು. ಕಾಲು ಒಮ್ಮೆ ಎಳೆದುಕೊಂಡಿತು. ಆಮೇಲೆ ಕೀರಲು ದನಿಯಲ್ಲಿ, ಬೆಕ್ಕಿನ ಮರಿಯ ಹಾಗೆ, ಅತ್ತಿತು. ಅಳು ಬೆಳೆಯಿತು. ಜಗದೇವಿ ನೆಲದ ಮೇಲೆ ತೆವಳಿಕೊಂಡೇ ಹೋಗಿ ಕೂಸಿನ ಪಕ್ಕದ ಕಲ್ಲಿಗೆ ಕೆನ್ನೆಯಿಟ್ಟು ಮಲಗಿ, “ಅಳು ನನ್ನವ್ವ, ಅಳು” ಎಂದಳು.

ಆಸ್ಪತ್ರೆಯ ಗಾಡಿ ಒಂದಕ್ಕೆ ಬಂತು. ನಾಲ್ಕು ದಿನ ಅಲ್ಲಿದ್ದು ತಾಯಿ ಮಗು ಮನೆಗೆ ಮರಳಿದರು. ಐದನೇ ದಿನ ಜಗದೇವಿ ನಮ್ಮ ಕೇಂದ್ರಕ್ಕೆ ಬಂದಳು. ಬೈಯಲು ಬಂದಿದ್ದಾಳೆಂದು ನಾನು ಎದ್ದು ನಿಂತೆ. ಆಕೆ ನನ್ನ ಮೇಜಿನ ಮೇಲೆ ಒಂದು ಅರಿವೆಯ ಗಂಟಿಟ್ಟಳು, ಬಿಸಿ ರೊಟ್ಟಿ, ಶೇಂಗಾ ಹಿಂಡಿ.

“ನೀವು ಥಂಡಿ ಬಂದ್ ಮಾಡಿದ್ರಿ, ನಾ ಕೆಂಡ ಹಾಕಿದೆ” ಎಂದಳು. “ಇಬ್ಬರೂ ಕೂಡೇ ಕೊಲ್ತಿದ್ವಿ ಸಾಹೇಬ್ರ. ನಿಮಗ ಬೈಯ್ಲಿಕ್ಕ ನನಗ ಬಾಯಿಲ್ಲ.” ಗಂಟನ್ನು ನನ್ನ ಕಡೆ ಸರಿಸಿ, “ಆ ಡಬ್ಬಿ ಎಷ್ಟಕ್ಕ ಇಡಬೇಕ್ರಿ? ನೀವೇ ಒಂದು ಅಂಕಿ ಹೇಳ್ರಿ” ಎಂದು ಕೇಳಿದಳು.

ನನ್ನ ಬಾಯಲ್ಲಿ ಇಪ್ಪತ್ತೆಂಟು ಬಂದೇ ಬಿಟ್ಟಿತ್ತು. ಹೇಳಲಿಲ್ಲ. ತಂತಿ ಕತ್ತರಿಸುವ ಪಕ್ಕಡ್ ತೆಗೆದುಕೊಂಡು ಆಕೆಯ ಜೊತೆಗೇ ಮನೆಗೆ ಹೋದೆ. ಕುಂಚಿಗೆ ಬಿಚ್ಚಿ ಆಕೆಯ ಕೈಗೆ ಕೊಟ್ಟು, ಗುಂಡಿಯ ಸೀಸದ ಮುದ್ರೆ ಕತ್ತರಿಸಿದೆ. ಅದು ನಿಯಮಕ್ಕೆ ವಿರುದ್ಧ, ಆಮೇಲೆ ಅದಕ್ಕೆ ವಿವರಣೆಯನ್ನೂ ಕೊಟ್ಟೆ. ಡಬ್ಬಿ ಬಿಸಿಯಾದರೆ ಥಂಡಿ ಬಿಡುತ್ತದೆ, ತಣ್ಣಗಾದರೆ ನಿಲ್ಲಿಸುತ್ತದೆ ಎಂದು ವಿವರಿಸಿದೆ. ಆಕೆ ಹಣೆ ಬಡಿದುಕೊಂಡಳು. “ಅಯ್ಯ ಶಿವನೇ, ತಿರುಗಾಮುರುಗಾ ಅದಲ್ರೀ ಇದರ ಬುದ್ಧಿ!” ಕೂಸಿನ ಹೊಟ್ಟೆ ಮುಟ್ಟಿ ನೋಡಿರಿ, ಬೆಚ್ಚಗಿದ್ದರೆ ಇತ್ತ, ತಣ್ಣಗಿದ್ದರೆ ಅತ್ತ ತಿರುಗಿಸಿರಿ ಎಂದೆ. ಅಗ್ಗಿಷ್ಟಿಕೆಯ ಮಾತು ನಾನೂ ತೆಗೆಯಲಿಲ್ಲ, ಆಕೆಯೂ ತೆಗೆಯಲಿಲ್ಲ, ಅದು ಮತ್ತೆ ಒಳಗೆ ಬರಲಿಲ್ಲ.

ನಾಲ್ಕು ತಾಸಿನ ಬೀಗವನ್ನು ತೆಗೆಸಲು ನನಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಮ್ಮ ಕೇಂದ್ರದಲ್ಲೊಂದು ಹೊಸ ಚಟ ಬೆಳೆಯಿತು. ಬೆಳಿಗ್ಗೆ ಹತ್ತಕ್ಕೆ ಹದಿನೇಳನೇ ಮನೆಯ ಹಸಿಯ ಗೆರೆ ಮೆಲ್ಲಗೆ ಮೇಲೇಳುತ್ತದೆ. ನಸೀಮಾ, “ಸರ, ನೀರು ಹಾಕ್ಲಾಕತ್ತಾರ ನೋಡ್ರಿ” ಎನ್ನುತ್ತಾಳೆ. ಮುಕ್ಕಾಲು ತಾಸಿಗೆ ಗೆರೆ ಇಳಿಯುತ್ತದೆ. ಆಮೇಲೆ ಗುಂಡಿ ಒಂದು ಡಿಗ್ರಿ ಅತ್ತ, ಅರ್ಧ ಡಿಗ್ರಿ ಇತ್ತ. ಕೂಸು ಮಲಗಿತು ಎಂದು ನಾನು ಚಹಾ ಹೇಳುತ್ತೇನೆ. ಆಗಸ್ಟಿನವರೆಗೂ ಹೀಗೇ ನಡೆಯಿತು.

ಒಂದು ಸೋಮವಾರ ಹತ್ತಾದರೂ ಗೆರೆ ಏಳಲಿಲ್ಲ. ನಸೀಮಾ ರಜೆಯಲ್ಲಿದ್ದಳು. ಹತ್ತೂಕಾಲು ಆಯಿತು. ಹತ್ತು ಇಪ್ಪತ್ತು. ಗೆರೆ ಸಪಾಟಾಗಿ ಮಲಗಿತ್ತು. ಡಬ್ಬಿ ಕೆಟ್ಟಿದೆಯೇ, ಯಾರಾದರೂ ಏನಾದರೂ ಮಾಡಿದರೇ ಎಂದು ಆ ಮನೆಯ ಪುಟ ತೆರೆದು ನೋಡಿದೆ. ಏನೂ ಇರಲಿಲ್ಲ. ಫೋನ್ ಹಚ್ಚಿದೆ.

ಹಿಂದೆ ರೊಟ್ಟಿ ಬಡಿಯುವ ಪಟಪಟ ಸದ್ದು ಕೇಳಿಸಿತು. “ಯಾರ್ರಿ? ಸಾಹೇಬ್ರ? ಯಾಕ್ರಿ, ಮತ್ತೇನರ ಬಂದ್ ಮಾಡೋರಿದ್ದೀರೇನು? ನಾ ಮನ್ಯಾಗಿಲ್ರಿ, ರೊಟ್ಟಿ ಕೇಂದ್ರದಾಗ ಅದೀನಿ.”

“ಇಲ್ಲವ್ವ. ಕೂಸು... ಇವತ್ತ ನೀರು ಹಾಕಿಲ್ಲಂತ...”

ಆಕೆ ಜೋರಾಗಿ ನಕ್ಕಳು. “ಕೂಸು ಅವರಪ್ಪನ ಮನಿಗಿ ಹೋತ್ರಿ, ನಿನ್ನೆ ಸಂಜಿಗಿ. ನಾನೇ ತೊಟ್ಟಿಲಾ ಹೇರಿ ಕಳಿಸಿ ಬಂದೆ. ನಿಮಗ ಹೇಳೋದು ಮರ್ತೆ ನೋಡ್ರಿ.”

“ಹಂಗೇನು. ಸುಮ್ನ ಕೇಳಬೇಕಂತ ಫೋನ್ ಮಾಡಿದೆ.”

ರೊಟ್ಟಿಯ ಸದ್ದು ನಿಂತಿತು. ಆಕೆ ಮತ್ತೆ ಮಾತಾಡಿದಾಗ ದನಿಯಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ.

“ಆವತ್ತೂ ಹಿಂಗೇ ಒಂದು ಫೋನ್ ಮಾಡಿದ್ರ ಆಗ್ತಿತ್ತಲ್ರೀ ಸಾಹೇಬ್ರ.”

ಆ ಕಡೆ ಆಕೆ ಹಿಟ್ಟಿನ ಕೈ ಒರೆಸಿಕೊಂಡು ಫೋನ್ ಇಡುವವರೆಗೆ ನಾನು ಹಿಡಿದುಕೊಂಡೇ ಕುಳಿತಿದ್ದೆ.